ಬಿಚ್ಚಿ ಮತ್ತೆ ಕಟ್ಟಬಹುದಾದ ಗಿಟಾರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟಿದ್ದ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ನನಗಿಂತ ಮುಂಚೆ ಮಾತಾಡಿದವರು ಅದನ್ನು ಚೆನ್ನಾಗಿಯೇ ಹೇಳಿದ್ದಾರೆ. ಎಐ ಬಂದ ಮೇಲೆ ನಮ್ಮ ಕೆಲಸ ಏನಾಗುತ್ತದೆ ಎಂಬ ಪ್ರಶ್ನೆಯೂ ಬಂತು. ಅದಕ್ಕೆ ಯಾರಾದರೂ ಉತ್ತರ ಹೇಳಿದರೆ ನಾನೂ ನಿಮ್ಮ ಜೊತೆ ಕೂತು ಕೇಳಿಸಿಕೊಳ್ಳುತ್ತೇನೆ. ಹಾಗಾಗಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಬೇರೆ ಮಾತಾಡುತ್ತೇನೆ. ನಾನು ಊರಿಗೆ ಬಂದಾಗಲೆಲ್ಲ ನಮ್ಮ ಬೀದಿಯ ಹುಡುಗರು ಕೇಳುವುದು ಉದ್ಯೋಗಾವಕಾಶವನ್ನಲ್ಲ. “ಅಣ್ಣ, ಆ ಗಿಟಾರು ನೀವೇ ಮಾಡಿದ್ದಂತಲ್ಲ, ಕಿಟ್ ಎಲ್ಲಿ ಸಿಗುತ್ತೆ? ಯಾವುದು ತಗೋಬೇಕು?” ಅಂತ ಕೇಳುತ್ತಾರೆ. ಬಾಗಿಲಲ್ಲಿ ನಿಂತು ಎರಡು ಮಾತಲ್ಲಿ ಹೇಳುವ ಉತ್ತರವಲ್ಲ ಅದು. ಇವತ್ತು ಮೈಕು ಸಿಕ್ಕಿದೆ, ಹೇಳಿಬಿಡುತ್ತೇನೆ.

ಗಿಟಾರ್ ಕಿಟ್ ಎಂದರೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ. ಒಳಗೆ ಗಿಟಾರಿನ ಒಡಲು, ಕತ್ತು, ಆರು ಬಿರಡೆ, ಕುದುರೆ, ತಂತಿ, ಸ್ಕ್ರೂ ಇರುತ್ತವೆ. ಎಲೆಕ್ಟ್ರಿಕ್ ಆದರೆ ಪಿಕಪ್ಪು, ವೈರು, ತಿರುಗಿಸುವ ಗುಂಡಿಗಳೂ ಇರುತ್ತವೆ. ಮರ ಬೋಳಾಗಿರುತ್ತದೆ, ಬಣ್ಣ ಪಾಲಿಶ್ ಏನೂ ಆಗಿರುವುದಿಲ್ಲ. ಜೋಡಿಸಿ, ಉಜ್ಜಿ, ಪಾಲಿಶ್ ಹಾಕಿ, ಶ್ರುತಿ ಮಾಡುವುದು ನಮ್ಮ ಕೆಲಸ. ಬಿರಡೆ, ಕುದುರೆ, ಮೆಟ್ಟಿಲು ಇವೆಲ್ಲ ವೀಣೆಯ ಮಾತುಗಳು. ಗಿಟಾರಿಗೂ ಅವೇ ಸಾಕು. ತಂತಿ ವಾದ್ಯ ನಮ್ಮ ಕಡೆಗೆ ಹೊಸದಲ್ಲ. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು 1920ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಗದ್ದವಳ್ಳಿಯಲ್ಲಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಂತೂ ಸಂಗೀತಗಾರರ ಊರು. ವಿದ್ವಾನ್ ಆರ್.ಕೆ. ಪದ್ಮನಾಭರು ಅಲ್ಲಿ ಕಟ್ಟಿಸಿರುವ ಸಪ್ತಸ್ವರ ದೇವತಾ ಧ್ಯಾನ ಮಂದಿರ ತಂಬೂರಿಯ ಆಕಾರದಲ್ಲೇ ಇದೆ. ನೋಡದಿದ್ದವರು ಒಂದು ಭಾನುವಾರ ಹೋಗಿ ಬನ್ನಿ.

ಮೊದಲು ದುಡ್ಡಿನ ಮಾತು ಮುಗಿಸೋಣ. ಕಿಟ್ ತಗೊಂಡರೆ ಅಗ್ಗವಾಗುತ್ತದೆ ಅಂತ ಅಂದುಕೊಂಡವರು ಆ ಆಸೆ ಬಿಡಿ. 2020ರಲ್ಲಿ ನಾನು ತರಿಸಿದ ಕಿಟ್ಟಿಗೆ ಪಾಲಿಶ್, ಉಪ್ಪುಕಾಗದ, ಅರ ಎಲ್ಲ ಸೇರಿ 14,000 ರೂಪಾಯಿ ಆಯಿತು. ಅದೇ ದುಡ್ಡಿಗೆ ಅಂಗಡಿಯಲ್ಲಿ ಆಗಲೇ ಕೂತು ನುಡಿಸುವಂಥ ಗಿಟಾರು ಸಿಗುತ್ತಿತ್ತು. ನುಡಿಸುವುದು ಮಾತ್ರ ಬೇಕು, ಮಾಡುವುದು ಬೇಡ ಎನ್ನುವವರು ಅಂಗಡಿಗೆ ಹೋಗುವುದೇ ಸರಿ. ಅದರಲ್ಲಿ ತಪ್ಪೇನಿಲ್ಲ.

ಮಾಡಬೇಕು ಅಂತ ಆಸೆ ಇರುವವರಿಗೆ ನಾನು ಹೇಳುವುದು ಒಂದೇ. ಕಿಟ್ಟಿನಲ್ಲಿ ಆಮೇಲೆ ಬದಲಾಯಿಸಬಹುದಾದ ವಸ್ತುಗಳು ಕೆಲವು, ಆಗದವು ಕೆಲವು. ಬಿರಡೆ ಸಡಿಲವಿದ್ದರೆ ಬೇರೆ ಹಾಕಬಹುದು. ಪಿಕಪ್ಪು ಚೆನ್ನಾಗಿಲ್ಲದಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕೂರಿಸಬಹುದು. ತಂತಿಯಂತೂ ಹೇಗೂ ಬದಲಾಗುವಂಥದ್ದೇ. ಕಿಟ್ಟಿನ ಜೊತೆ ಬರುವ ತಂತಿಯನ್ನು ಬಹಳ ಜನ ಹಾಕುವುದೇ ಇಲ್ಲ. ಆದರೆ ಕತ್ತು ತಿರುಚಿಕೊಂಡಿದ್ದರೆ, ಮೆಟ್ಟಿಲಿನ ಗೀರುಗಳನ್ನು ತಪ್ಪು ಜಾಗದಲ್ಲಿ ಕೊಯ್ದಿದ್ದರೆ, ಕತ್ತು ಕೂರುವ ಗೂಡು ಓರೆಯಾಗಿದ್ದರೆ, ಆಮೇಲೆ ಏನು ಸುರಿದರೂ ಅದು ಸರಿಯಾಗಿ ನುಡಿಯುವುದಿಲ್ಲ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಪಿಕಪ್ಪಿನ ಹೆಸರು, ಬಂಗಾರದ ಬಣ್ಣದ ಬಿರಡೆ, ಒಡಲಿನ ಮೇಲಿನ ಚಿತ್ತಾರ. ಬದಲಾಯಿಸಲಾಗದ್ದರ ಬಗ್ಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ನಿಮ್ಮ ದುಡ್ಡು ಹೋಗಬೇಕಾದ್ದು ಅದಕ್ಕೆ.

ಮೆಟ್ಟಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೀಣೆಯಲ್ಲಿ 24 ಮೆಟ್ಟಿಲು. ಅವು ಕೂರುವುದು ಮೇಣದ ಮೇಲೆ. ವರ್ಷಗಳು ಕಳೆದು ಸ್ವರ ಅತ್ತಿತ್ತ ಆದರೆ ಮೇಣ ಬಿಸಿ ಮಾಡಿ, ಕಿವಿಯಿಂದ ಕೇಳಿಕೊಂಡು, ಮತ್ತೆ ಕೂರಿಸುತ್ತಾರೆ. ಗಿಟಾರಿನಲ್ಲಿ ಹಾಗಲ್ಲ. ಮರದಲ್ಲಿ ಗರಗಸದಿಂದ ಸಣ್ಣ ಗೀರು ಕೊಯ್ದು, ಲೋಹದ ತಂತಿಯನ್ನು ಅದರಲ್ಲಿ ಬಡಿದು ಕೂರಿಸಿರುತ್ತಾರೆ. ಒಂದು ಸಲ ಕೊಯ್ದರೆ ಮುಗಿಯಿತು. ಆದ್ದರಿಂದ ಗಿಟಾರಿನ ಸ್ವರವೆಲ್ಲ ಮೊದಲೇ ಲೆಕ್ಕ ಹಾಕಿ ಬರೆದಿಟ್ಟ ಹಾಗೆ.

ಆ ಲೆಕ್ಕ ಯಾವುದು ಗೊತ್ತೇ? ನಾವು ಓದುವಾಗ ಹತ್ತನೇ ತರಗತಿಯಲ್ಲಿ ಗುಣೋತ್ತರ ಶ್ರೇಢಿ ಇತ್ತು. ಈಗ ನಿಮ್ಮ ಪುಸ್ತಕದಲ್ಲಿ ಸಮಾಂತರ ಶ್ರೇಢಿ ಮಾತ್ರ ಉಳಿದಿದೆ. “ಇದು ಜೀವನದಲ್ಲಿ ಎಲ್ಲಿ ಬರುತ್ತೆ ಸಾರ್?” ಅಂತ ನಮ್ಮ ಬ್ಯಾಚಿನವನೊಬ್ಬ ಕೇಳಿ ಬೆಂಚಿನ ಮೇಲೆ ನಿಂತಿದ್ದ. ಅವನೂ ಇಲ್ಲೇ ಕೂತಿದ್ದಾನೆ. ಅದು ಬರುವುದು ಇಲ್ಲಿ ಮಾರಾಯ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಆ ಅರ್ಧಕ್ಕೆ 12 ಮೆಟ್ಟಿಲಲ್ಲಿ ತಲುಪಬೇಕು, ಪ್ರತಿ ಮೆಟ್ಟಿಲೂ ಕಿವಿಗೆ ಒಂದೇ ಸಮನೆ ಏರಬೇಕು. ಹಾಗಾದರೆ 12 ಸಲ ಗುಣಿಸಿದಾಗ 2 ಬರುವ ಸಂಖ್ಯೆ ಬೇಕು. ಅದು ಹತ್ತಿರ ಹತ್ತಿರ 1.0595. ಫೆಂಡರ್ ಮಾದರಿಯ ಗಿಟಾರಿನಲ್ಲಿ ಮೇರುವಿನಿಂದ ಕುದುರೆವರೆಗೆ ತಂತಿಯ ಉದ್ದ 648 ಮಿ.ಮೀ. ಅದರಲ್ಲಿ ಮೊದಲನೆಯ ಮೆಟ್ಟಿಲು 36.4 ಮಿ.ಮೀ. ದೂರಕ್ಕೆ, ಎರಡನೆಯದು ಅಲ್ಲಿಂದ 34.3, ಮೂರನೆಯದು ಮತ್ತೆ 32.4. ಹೀಗೆ ಕಿರಿದಾಗುತ್ತಾ ಹೋಗಿ ಹನ್ನೆರಡನೆಯದು ಸರಿಯಾಗಿ 324ಕ್ಕೆ ಬಂದು ನಿಲ್ಲುತ್ತದೆ. ಕಿಟ್ ಕೈಗೆ ಬಂದ ದಿನ ಅಳತೆ ಹಿಡಿದು ನೋಡಬೇಕಾದ ಮೊದಲ ಸಂಖ್ಯೆ ಇದು. ಮೇರುವಿನಿಂದ ಹನ್ನೆರಡನೆಯ ಮೆಟ್ಟಿಲು ಎಷ್ಟಿದೆಯೋ, ಅದರ ಎರಡರಷ್ಟು ದೂರದಲ್ಲಿ ಕುದುರೆ ಬರಬೇಕು. ದಪ್ಪ ತಂತಿಗಳಿಗೆ ಒಂದೆರಡು ಮಿಲಿಮೀಟರ್ ಹೆಚ್ಚು ಬೇಕಾಗುತ್ತದೆ, ಅದನ್ನು ಕುದುರೆಯ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಕೆಲವು ಕಿಟ್ಟುಗಳಲ್ಲಿ ಕುದುರೆಯ ತೂತು ಕೊರೆದೇ ಬಂದಿರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಕೊರೆಯದೇ ಬಂದರೆ ಬೇಜಾರು ಪಡಬೇಡಿ. ಅಳೆದು ನಾವೇ ಕೊರೆಯಬಹುದು, ಅದು ಹೆಚ್ಚು ನಂಬಿಕೆಯದು.

ಈಗ ಕಿಟ್ಟಿನ ಜಾತಿಗಳು. ಕತ್ತನ್ನು ಒಡಲಿಗೆ ಸ್ಕ್ರೂನಿಂದ ಬಿಗಿಯುವುದು ಒಂದು, ಅಂಟು ಹಾಕಿ ಕೂರಿಸುವುದು ಇನ್ನೊಂದು, ಟೊಳ್ಳು ಒಡಲಿನ ಅಕೌಸ್ಟಿಕ್ ಮೂರನೆಯದು.

ಸ್ಕ್ರೂ ಹಾಕುವ ಗಿಟಾರನ್ನು ಜನಪ್ರಿಯ ಮಾಡಿದವನು ಅಮೆರಿಕದ ಲಿಯೋ ಫೆಂಡರ್. ಅವನು ರೇಡಿಯೋ ರಿಪೇರಿಯವನು. ಗಿಟಾರು ನುಡಿಸಲು ಅವನಿಗೆ ಬರುತ್ತಿರಲಿಲ್ಲ. 1950ರಲ್ಲಿ ಅವನು ಮಾರುಕಟ್ಟೆಗೆ ತಂದ ಗಿಟಾರಿನಲ್ಲಿ ಕತ್ತು ಬೇರೆ, ಒಡಲು ಬೇರೆ. ಎರಡನ್ನೂ ಬೇರೆ ಬೇರೆ ಮೇಜಿನ ಮೇಲೆ ಮಾಡಿ ಕೊನೆಗೆ ನಾಲ್ಕು ಸ್ಕ್ರೂ ಬಿಗಿದರೆ ಆಯಿತು. ಕತ್ತು ಕೆಟ್ಟರೆ ಕತ್ತನ್ನಷ್ಟೇ ಬದಲಾಯಿಸಿದರೆ ಸಾಕು. ರೇಡಿಯೋದಲ್ಲಿ ವಾಲ್ವ್ ಸುಟ್ಟರೆ ಇಡೀ ರೇಡಿಯೋ ಎಸೆಯುತ್ತಾರೆಯೇ? ಅದೇ ಬುದ್ಧಿ. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಕೂಡ ಹೀಗೆಯೇ. ಇವತ್ತು ಸಿಗುವ ಕಿಟ್ಟುಗಳಲ್ಲಿ ಬಹುಪಾಲು ಇವೆರಡರ ನಕಲು. ನುಡಿಸಲು ಬಾರದವನೊಬ್ಬ, ಕೆಟ್ಟದ್ದನ್ನು ಬಿಚ್ಚುವುದು ಚೆನ್ನಾಗಿ ಗೊತ್ತಿದ್ದವನು, ಮಾಡಿದ್ದರಿಂದಲೇ ಇದು ಮೊದಲ ಸಲ ಕೈ ಹಾಕುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಅಂಟಿನ ಕತ್ತು ನೋಡಲು ಚೆಂದ, ಕೀಲಿನ ಗುರುತೇ ಕಾಣುವುದಿಲ್ಲ. ಆದರೆ ಅದರ ಕೋನವನ್ನು ಒಂದೇ ಸಲಕ್ಕೆ ಸರಿ ಮಾಡಬೇಕು. ನನ್ನ ಆಫೀಸಿನ ಗೆಳೆಯರೊಬ್ಬರು ಹಳದಿ ಕೆಂಪು ಬಣ್ಣಕ್ಕೆ ಮನಸೋತು ಅಂಥ ಕಿಟ್ ತರಿಸಿದರು. ರಾತ್ರಿ ಅಂಟು ಹಾಕಿ ಕ್ಲಾಂಪ್ ಬಿಗಿದು ಮಲಗಿದರು. ಬೆಳಗ್ಗೆ ನೋಡಿದರೆ ಕತ್ತು ಎಡಕ್ಕೆ ಎಳೆದುಕೊಂಡಿದೆ. ಮಾರಿದವರಿಗೆ ಫೋನ್ ಮಾಡಿದರೆ, ಅಂಟು ಹಾಕಿದ ಮೇಲೆ ವಾಪಸ್ ಇಲ್ಲ ಅಂದರು. ಈಗ ಅದು ಅವರ ಮನೆಯ ಗೋಡೆಯ ಮೇಲಿದೆ, ಚೆನ್ನಾಗಿಯೇ ಕಾಣುತ್ತದೆ.

ಅಕೌಸ್ಟಿಕ್ ಕಿಟ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕು. ಮೊದಲ ಕೆಲಸಕ್ಕೆ ಅದು ಬೇಡ. ಅದರ ಮೇಲಿನ ಹಲಗೆ ಸುಮಾರು 3 ಮಿ.ಮೀ. ದಪ್ಪ. ಆರು ಉಕ್ಕಿನ ತಂತಿಗಳು ಶ್ರುತಿಗೆ ಬಂದಾಗ ಒಟ್ಟಾಗಿ ಎಳೆಯುವುದು ಸುಮಾರು 70 ಕಿಲೋ, ಅಂದರೆ ಒಂದೂವರೆ ಮೂಟೆ ಆಲೂಗಡ್ಡೆ. ಅಷ್ಟು ತೆಳು ಹಲಗೆ ಅಷ್ಟು ಎಳೆತ ತಡೆಯಬೇಕಾದರೆ ಒಳಗೆ ಅಂಟಿಸುವ ಪಟ್ಟಿಗಳು ಒಂದು ಕೂದಲೂ ಬಿಟ್ಟುಕೊಳ್ಳಬಾರದು. ಬಾಗಿಸಿದ ಪಕ್ಕದ ಹಲಗೆಗಳನ್ನು ಅಚ್ಚಿನಲ್ಲಿ ಹಿಡಿದಿಡಲು ಡಜನ್‌ಗಟ್ಟಲೆ ಕ್ಲಾಂಪು ಬೇಕು. ಮೇಲಾಗಿ ನಮ್ಮ ಆಷಾಢದ ಹವೆ. ಮಳೆಗಾಲದಲ್ಲಿ ನಿಮ್ಮ ಮನೆ ಬಾಗಿಲು ಬಿಗಿಯಾಗಿ ಹಾಕಲು ಬರದೆ ಒದೆಯುತ್ತೀರಲ್ಲ, ಮರ ನೀರು ಕುಡಿದು ಉಬ್ಬುವುದೆಂದರೆ ಅದು. ಬಾಗಿಲು ಒಂದೂವರೆ ಇಂಚು, ಇದು 3 ಮಿಲಿಮೀಟರು. ತಂಪಿನಲ್ಲಿ ಅಂಟಿಸಿದ್ದು ಮಾರ್ಚಿ ಬಿಸಿಲಿಗೆ ಬಿರಿಯುತ್ತದೆ. ಟೊಳ್ಳು ವಾದ್ಯವೇ ಬೇಕೆಂದು ಹಟ ಇದ್ದವರು ಉಕುಲೇಲೆ ಕಿಟ್ಟಿನಿಂದ ಶುರು ಮಾಡಿ. ನಾಲ್ಕೇ ತಂತಿ, ನೈಲಾನಿನವು, ಎಳೆತ ಬಹಳ ಕಡಿಮೆ, ಬೆಲೆಯೂ ಕಡಿಮೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದರೆ, ಅರ್ಧ ಓದಿ ಗೊತ್ತಾದದ್ದು. ಇನ್ನರ್ಧ ಹೇಳಿಕೊಟ್ಟವರು ಅಲ್ಲಿ ಹಿಂದೆ ಕಂಬಕ್ಕೆ ಒರಗಿ ಕೂತಿದ್ದಾರೆ. ನಮ್ಮದು ಆಚಾರ್ ಮನೆ ಎಂಬುದು ಊರಿನವರಿಗೆಲ್ಲ ಗೊತ್ತು. ಇಲ್ಲಿರುವ ಹಿರಿಯರಲ್ಲಿ ಎಷ್ಟೋ ಜನರ ಮನೆಯ ಬಾಗಿಲು, ನೇಗಿಲು, ನೊಗ ನಮ್ಮಪ್ಪ ಮಾಡಿದ್ದು. ಟ್ರ್ಯಾಕ್ಟರ್ ಬಂದ ಮೇಲೆ ನೇಗಿಲು ನಿಂತಿತು. ರೆಡಿಮೇಡ್ ಬಾಗಿಲು ಬಂದ ಮೇಲೆ ಬಾಗಿಲೂ ನಿಂತಿತು. ಅಪ್ಪ ನನಗೆ ಉಳಿ ಮುಟ್ಟಲು ಬಿಟ್ಟವರಲ್ಲ. ಮುಟ್ಟಿದರೆ, “ಮಡಗು ಅದ್ನ, ಹೋಗಿ ಓದ್ಕೋ” ಎನ್ನುತ್ತಿದ್ದರು. ಅವರು ಹಾಗೆ ಅಂದಿದ್ದರಿಂದಲೇ ನಾನು ಬಿಇ ಮಾಡಿದ್ದು. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ.

2020ರಲ್ಲಿ ಲಾಕ್‌ಡೌನ್ ಆಗಿ ನಮ್ಮ ಕಂಪನಿ ಮನೆಯಿಂದ ಕೆಲಸ ಮಾಡಿ ಎಂದಾಗ ನಾನು ಊರಿಗೆ ಬಂದೆ. ಅಟ್ಟದ ಮೇಲೆ ನೆಟ್‌ವರ್ಕ್ ಸಿಗುತ್ತಿತ್ತು, ಅಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಕೆಳಗೆ ಅಪ್ಪ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಆಗ ಯಾರೂ ಆಚಾರ್‌ನ ಮನೆಗೆ ಕರೆಯುತ್ತಿರಲಿಲ್ಲ. ಕಿಟ್ ತರಿಸಿದ್ದು ನನ್ನ ಬೇಜಾರಿಗೆ. ಕೊರಿಯರ್ ಹಾಸನದಲ್ಲೇ ನಿಂತಿತ್ತು, ಬೈಕಿನಲ್ಲಿ ಹೋಗಿ ತಂದೆ.

ಪೆಟ್ಟಿಗೆ ಬಿಚ್ಚಿದಾಗ ಅಪ್ಪ ಒಡಲನ್ನು ನೋಡಲೇ ಇಲ್ಲ. ಮೊದಲು ಎತ್ತಿಕೊಂಡದ್ದು ಕತ್ತನ್ನು. ಬಾಗಿಲ ಚೌಕಟ್ಟಿನ ಪಟ್ಟಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು. ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದರು. “ತಿರುಚಿಲ್ಲ” ಅಂದರು. ಕಿಟ್ ಕೊಳ್ಳುವ ಮುನ್ನ ನಾನು ವಾರಗಟ್ಟಲೆ ಓದಿ ತಿಳಿದುಕೊಂಡಿದ್ದೂ ಅದೇ, ಮೊದಲು ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಎಂದು. ಆಮೇಲೆ ಒಂದು ದಾರ ತರಿಸಿದರು. ಕತ್ತನ್ನು ಗೂಡಿನಲ್ಲಿ ಕೂರಿಸಿ, ಸ್ಕ್ರೂ ಬಿಗಿಯದೆ, ಮೇರುವಿನ ಎರಡು ಅಂಚಿನಿಂದ ಕುದುರೆ ಬರುವ ಜಾಗಕ್ಕೆ ಎರಡು ದಾರ ಎಳೆದು ಹಿಡಿದರು. ಎಡಗಡೆ ದಾರ ಕತ್ತಿನ ಅಂಚಿಗೆ ತೀರ ಹತ್ತಿರ, ಬಲಗಡೆ ದೂರ. ಗೂಡು ಒಂದು ಮಿಲಿಮೀಟರಿನಷ್ಟು ಅಗಲ ಇತ್ತು, ಕತ್ತು ಅದರಲ್ಲಿ ಆಡುತ್ತಿತ್ತು. ಕಡಿಮೆ ಬೆಲೆಯ ಕಿಟ್ಟುಗಳಲ್ಲಿ ಇದು ಸಾಮಾನ್ಯ. ಅಪ್ಪ ಹಳೆಯ ತುಂಡೊಂದರಿಂದ ತೆಳುವಾಗಿ ಚಕ್ಕೆ ಎಬ್ಬಿಸಿ, ಗೂಡಿನ ಪಕ್ಕಕ್ಕೆ ಫೆವಿಕಾಲ್ ಹಾಕಿ ಅಂಟಿಸಿ, ಉಜ್ಜಿ ಕೂರಿಸಿದರು. ಆಮೇಲೆ ದಾರ ಎರಡೂ ಕಡೆ ಸಮ ಬಂತು. ಸ್ಕ್ರೂ ಬಿಗಿಯುವ ಮುನ್ನ ಅದಕ್ಕೆ ಸೋಪು ಉಜ್ಜಿದರು. ಗಟ್ಟಿ ಮರದಲ್ಲಿ ಒಣ ಸ್ಕ್ರೂ ತಿರುಗಿಸಿದರೆ ತಲೆ ಕಿತ್ತುಕೊಂಡು ಬರುತ್ತದೆ. ಕಿಟ್ಟಿನ ಜೊತೆ ಬಂದಿದ್ದ ಕಾಗದದಲ್ಲಿ ಸೋಪಿನ ಮಾತೇ ಇರಲಿಲ್ಲ.

ಮೆಟ್ಟಿಲು ಕೂತಿದ್ದ ಕಂದು ಪಟ್ಟಿಯನ್ನು ಹೆಬ್ಬೆರಳಿಂದ ಒದ್ದೆ ಮಾಡಿ ನೋಡಿ, “ಇದು ನಮ್ ಮತ್ತಿ ಕಣೋ” ಅಂದರು. ಕಾಗದದಲ್ಲಿ ‘ಇಂಡಿಯನ್ ಲಾರೆಲ್’ ಎಂದಿತ್ತು. ಹುಡುಕಿದರೆ ಹೌದು, ಇಂಡಿಯನ್ ಲಾರೆಲ್ ಎಂದರೆ ನಮ್ಮ ಕರಿಮತ್ತಿಯೇ. ಅಪ್ಪ ತೊಲೆಗೆ ಹಾಕುತ್ತಿದ್ದ ಮರ.

ಇಲ್ಲಿ ಬೀಟೆಯ ಕಥೆಯನ್ನೂ ಹೇಳಬೇಕು, ಏಕೆಂದರೆ ಕಿಟ್ ಆರಿಸುವಾಗ ‘ರೋಸ್‌ವುಡ್’ ಎಂಬ ಮಾತು ಬಂದೇ ಬರುತ್ತದೆ. ನಮ್ಮ ಸಕಲೇಶಪುರದ ಕಡೆ ಬೆಳೆಯುವ ಬೀಟೆಯೇ ಜಗತ್ತಿನ ಗಿಟಾರು ಮಾಡುವವರು ಕರೆಯುವ ‘ಈಸ್ಟ್ ಇಂಡಿಯನ್ ರೋಸ್‌ವುಡ್’. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ದೇಶದ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂತು. ಮರ ಕಡಿದು ಕಡಿದು ಮುಗಿಯುತ್ತಾ ಬಂದಾಗ 2017ರ ಜನವರಿಯಲ್ಲಿ ಬೀಟೆ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದಡಿ ಪರವಾನಗಿ ಬೇಕಾಯಿತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಅಗ್ಗದ ಗಿಟಾರುಗಳಿಗೆ ಮತ್ತಿಯಂಥ ಮರಗಳು ಬಂದಿದ್ದವು. ನನ್ನ ಕೇಳಿದರೆ, ರೋಸ್‌ವುಡ್ ಎಂಬ ಒಂದು ಪದಕ್ಕೆ ಎರಡು ಸಾವಿರ ಹೆಚ್ಚು ಕೊಡಬೇಡಿ. ಮತ್ತಿ ಸಾಕು. ಮತ್ತೆ ಮಕ್ಕಳೇ, ತೋಟದಲ್ಲಿ ಬೀಟೆ ಇದೆ ಎಂದು ಕೊಡಲಿ ಎತ್ತಿಕೊಂಡು ಹೋಗಬೇಡಿ. ನಿಮ್ಮ ಜಮೀನಿನಲ್ಲೇ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕು.

ನಾವು ಜಗಲಿಯ ಮೇಲೆ ಉಪ್ಪುಕಾಗದ ಹಿಡಿದು ಕೂತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದ ನೆಂಟರೊಬ್ಬರು ನಿಂತು, “ಇದೇನು, ಯಾರೋ ಮಾಡಿದ್ದ ಜೋಡ್ಸಿ ನಾನ್ ಮಾಡ್ದೆ ಅಂತೀಯಾ?” ಎಂದರು. ಉತ್ತರ ಕೊಟ್ಟದ್ದು ಅಪ್ಪ. “ಗುಡೀಲಿ ಕಂಬ ನೋಡಿದೀಯಾ? ಚರಕಕ್ಕೆ ಹಾಕಿ ತಿರುಗ್ಸಿ, ತಂದು ನಿಲ್ಸಿರೋದು. ಜೋಡ್ಸೋನು ಕಲ್ಲು ಕೂರ್ಸಿದ್ಕೇ ಗುಡಿ ನಿಂತದೆ” ಅಂದರು. ಊರಿನ ನಾಗೇಶ್ವರ, ಚನ್ನಕೇಶವ ಗುಡಿಗಳನ್ನು ನಾವು ದಿನಾ ನೋಡುತ್ತೇವೆ. ಒಂದೇ ನಕ್ಷೆ, ಅಕ್ಕಪಕ್ಕ ಎರಡು ಗುಡಿ. ಒಳಗಿನ ನುಣುಪು ಕಂಬಗಳು ಲೇತಿನಲ್ಲಿ ತಿರುಗಿಸಿದಂಥವು. ಹೊಯ್ಸಳರ ಗುಡಿಗಳಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ನಿಲ್ಲಿಸಿದ್ದಾರೆ ಎಂದು ಇತಿಹಾಸದ ಪಾಠದಲ್ಲಿ ಓದಿದ್ದೆ. ಅದನ್ನು ಕಿಟ್ಟಿಗೆ ಹೊಂದಿಸಿ ನೋಡಬಹುದು ಎಂಬುದು ನನಗೆ ಹೊಳೆದಿರಲಿಲ್ಲ.

ಆ ಸಂಜೆ ಅಪ್ಪ ಗೋಣಿಯಲ್ಲಿ ಸುತ್ತಿಟ್ಟಿದ್ದ ಉಳಿಗಳನ್ನು ತಂದು ನನ್ನ ಮುಂದೆ ಬಿಚ್ಚಿದರು. ಬಿರಡೆಯ ತಲೆಯ ಕಡೆ ಮರ ಚೌಕವಾಗಿಯೇ ಬಂದಿತ್ತು, ಅದಕ್ಕೆ ಆಕಾರ ಕೊಡಬೇಕಿತ್ತು. “ನೀನೇ ಕೆತ್ತು” ಅಂದರು. ನನಗಾಗ 31 ವರ್ಷ. ಉಳಿಯನ್ನು ಎಷ್ಟು ಓರೆ ಹಿಡಿಯಬೇಕು, ನಾರಿನ ದಿಕ್ಕು ಹೇಗೆ ನೋಡಬೇಕು ಎಂದು ಎರಡು ಗಂಟೆ ಹೇಳಿಕೊಟ್ಟರು. ಅಷ್ಟು ಹೊತ್ತು ಅವರು ನನ್ನ ಜೊತೆ ಒಂದೇ ವಿಷಯ ಮಾತಾಡಿದ್ದು ನನಗೆ ನೆನಪಿಲ್ಲ.

ವಿದ್ಯುತ್ತಿನ ಭಾಗ ಬೇಗ ಮುಗಿಸುತ್ತೇನೆ, ಅದು ಸುಲಭ. ಪಿಕಪ್ಪು ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಂತಿ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ಕಾಂತೀಯ ಪ್ರೇರಣೆ, ಫ್ಯಾರಡೆ, ಅಷ್ಟೇ. ನೈಲಾನ್ ತಂತಿ ಹಾಕಿದರೆ ಅದಕ್ಕೆ ಕೇಳಿಸುವುದಿಲ್ಲ. ಒಂದೇ ಸುರುಳಿಯ ಪಿಕಪ್ಪು ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಎರಡು ಸುರುಳಿ ಎದುರುಬದುರಾಗಿ ಜೋಡಿಸಿದ್ದು ಅದನ್ನು ಕಳೆದುಬಿಡುತ್ತದೆ. ಬೆಸುಗೆ ಹಾಕಲು ಭಯ ಇದ್ದವರು, ಬೆಸುಗೆಯಿಲ್ಲದೆ ಕ್ಲಿಪ್ ಸಿಕ್ಕಿಸುವ ಕಿಟ್ಟು ಕೇಳಿ ತಗೊಳ್ಳಿ.

ಮಾರುವವರನ್ನು ಕೊಳ್ಳುವ ಮುನ್ನ ಏನೇನು ಕೇಳಬೇಕು? ಕತ್ತಿನ ಒಳಗೆ ತಿರುಗಿಸಬಹುದಾದ ಕಬ್ಬಿಣದ ಸರಳು, ಅಂದರೆ ಟ್ರಸ್ ರಾಡ್, ಇದೆಯೇ? ಇಲ್ಲದಿದ್ದರೆ ಬೇಡವೇ ಬೇಡ. ಮಳೆಗಾಲಕ್ಕೂ ಬೇಸಿಗೆಗೂ ಕತ್ತು ಬಾಗುವುದನ್ನು ಸರಿ ಮಾಡುವುದು ಅದೊಂದೇ. ಒಡಲಿಗೆ ಮೊದಲೇ ಸೀಲರ್ ಬಳಿದಿದ್ದಾರೆಯೇ? ಬಳಿದಿದ್ದರೆ ಮರ ಬಣ್ಣ ಕುಡಿಯುವುದಿಲ್ಲ, ಮೇಲೆ ಪೇಂಟ್ ಮಾತ್ರ ಹೊಡೆಯಬಹುದು. ಕತ್ತು ತಿರುಚಿದ್ದರೆ ಬದಲಿ ಕೊಡುತ್ತಾರೆಯೇ, ಎಷ್ಟು ದಿನದೊಳಗೆ? ಎಡಗೈಯವರ ಮಾದರಿ ಇದೆಯೇ? ಎಡಗೈ ಮಕ್ಕಳೇ, ಇದನ್ನು ಮರೆಯಬೇಡಿ. ಬಲಗೈಯದನ್ನೇ ತಿರುಗಿಸಿ ಹಿಡಿಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಇನ್ನು ಮೆಟ್ಟಿಲುಗಳ ಅಂಚು. ಹೆಚ್ಚುಕಮ್ಮಿ ಎಲ್ಲ ಕಿಟ್ಟುಗಳಲ್ಲೂ ಅವು ಚೂಪಾಗಿರುತ್ತವೆ, ಕೈ ಕುಯ್ಯುತ್ತವೆ. ಸಣ್ಣ ಅರ ಒಂದು ತಗೊಂಡಿರಿ, ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಕೊನೆಯ ವಿಷಯ ಶಾಲೆಗೆ ಸಂಬಂಧಿಸಿದ್ದು. ಸುವರ್ಣ ಮಹೋತ್ಸವಕ್ಕೆ ಏನು ಕೊಡಬೇಕು ಎಂದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೂರು ವಾರ ಚರ್ಚೆ ನಡೆಯಿತು. ಬೀರು ಕೊಡೋಣ ಎಂದರು, ಭಾಷಣದ ಪೀಠ ಕೊಡೋಣ ಎಂದರು. ನಾನು ಕಿಟ್ ಎಂದಾಗ, “ಕರೆಂಟ್ ಗಿಟಾರ್ ಇಟ್ಕೊಂಡು ಹಳ್ಳಿ ಮಕ್ಳು ಏನ್ ಮಾಡ್ತವೆ?” ಎಂದವರಿದ್ದರು. ಸಿದ್ಧ ಗಿಟಾರು ಕೊಟ್ಟರೆ ಏನಾಗುತ್ತದೆ ಎಂಬುದು ನನಗೂ ಗೊತ್ತು, ಕೆಡುತ್ತದೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಸ್ಕ್ರೂ ಹಾಕುವ ಕಿಟ್ ಹಾಗಲ್ಲ. ಒಂಬತ್ತನೆಯ ತರಗತಿಯವರು ಜೂನಿನಲ್ಲಿ ಪೆಟ್ಟಿಗೆ ತೆಗೆದು ಕಟ್ಟಬಹುದು, ಗಣರಾಜ್ಯೋತ್ಸವದ ದಿನ ನುಡಿಸಬಹುದು, ಮಾರ್ಚಿನಲ್ಲಿ ಬಿಚ್ಚಿ ಪೆಟ್ಟಿಗೆಗೆ ಹಾಕಿ ಮುಂದಿನವರಿಗೆ ಬಿಡಬಹುದು. ಅಂಟಿನದ್ದಾಗಿದ್ದರೆ ಒಂದೇ ತಂಡ ಕಟ್ಟುತ್ತಿತ್ತು, ಮಿಕ್ಕವರು ನೋಡಬೇಕಿತ್ತು. ಪದೇ ಪದೇ ಬಿಚ್ಚಿದರೆ ಮರದ ತೂತು ಸವೆಯುತ್ತದಲ್ಲ ಎಂದು ಅಪ್ಪ ಕೇಳಿದರು, ಸರಿಯಾದ ಪ್ರಶ್ನೆ. ಅದಕ್ಕೆ ಕತ್ತಿನ ತೂತುಗಳಿಗೆ ಹಿತ್ತಾಳೆಯ ಮರೆಯಿರುವ ಬುಷ್ ಕೂರಿಸಿ, ಸ್ಕ್ರೂ ಬದಲು ಬೋಲ್ಟ್ ಹಾಕುತ್ತೇವೆ.

ಒಂದೇ ಮಾದರಿಯ ಎರಡು ಕಿಟ್, ಒಂದು ಸಣ್ಣ ಆಂಪ್ಲಿಫೈಯರ್ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿವೆ. ಶನಿವಾರ ತರಗತಿ ಮುಗಿದ ಮೇಲೆ ಬಂದು ಹೇಳಿಕೊಡಲು ಅಪ್ಪ ಒಪ್ಪಿದ್ದಾರೆ. ಹುಡುಗ ಹುಡುಗಿ ಎಂಬ ಭೇದವಿಲ್ಲ, ಯಾರು ಬೇಕಾದರೂ ಬರಬಹುದು. ಮೊದಲ ಎರಡು ಶನಿವಾರ ಉಳಿ ಕೊಡುವುದಿಲ್ಲವಂತೆ, ದಾರ ಮತ್ತು ಅಳತೆ ಮಾತ್ರ. ಬರುವವರು ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಮಾತ್ರ ತಂದರೆ ಸಾಲದು, 30 ಸೆಂಟಿಮೀಟರಿನದೂ 324 ಮಿಲಿಮೀಟರಿಗೆ ಮುಟ್ಟುವುದಿಲ್ಲ. ಮನೆಯಲ್ಲಿ ಟೇಪ್ ಇದ್ದರೆ ತನ್ನಿ.